ಸಂಕೋಲೆಯ ಚಿತ್ರ: ಸೆರೆಯಾನೆಗಳನ್ನು ಕುರಿತ ಒಂದು ಸಾಕ್ಷ್ಯಚಿತ್ರದ ವಿಮರ್ಶೆ

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿರುವ ಲಕ್ಷ್ಮೀನಾರಾಯಣ ದೇವಾಲಯವು ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಕ್ಕೆ ಒಳ್ಳೆಯ ನಿದರ್ಶನವಾಗಿದೆ. ಅದರ ಗೋಡೆಯ ಬುಡದಲ್ಲಿ ಸುತ್ತಲೂ ಹರಿದಿರುವ ಪಟ್ಟಿಕೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಆನೆಗಳ ಸಾಲು. ಅದರ ಮೇಲೆ ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳು ಒಂದರ ಮೇಲೊಂದಾಗಿ ಬರುತ್ತವೆ. ಭಾರವನ್ನು ಹೊರುವುದು ಆನೆಯ ಧರ್ಮವೆಂದು ಶಿಲ್ಪಿಯು ಅದನ್ನು ಅಡಿಯಲ್ಲಿಟ್ಟನೆಂದು ಹೇಳುವುದು ವಾಡಿಕೆ. ಪ್ರದಕ್ಷಿಣೆ ಬರುವವನ ಕಣ್ಣನ್ನು ಸೆಳೆಯುವುದು ಸೊಂಡಿಲಿನ ಬಳುಕು, ದಂತದ ಬಾಗು, ಗಂಟೆ, ಹಗ್ಗ, ಮೇಲೆ ಕುಳಿತವನ ಠೀವಿ. ಕಾಲುಗಳು ಸಾಲಿನ ಲಯಕ್ಕಾಗಿ ಇವೆ. ಅವುಗಳನ್ನು ಬೇರೆಯಾಗಿ ನೋಡಬೇಕೆಂದು ಯಾರಿಗೂ ತೋರುವುದಿಲ್ಲ.

ಕನ್ನಡ ಕವಿಗಳ ದೃಷ್ಟಿಯೂ ಬಹುಮಟ್ಟಿಗೆ ಇದೇ. ಕುಂಭಸ್ಥಳ, ಮದಧಾರೆ, ಅದಕ್ಕೆ ಮುತ್ತುವ ತುಂಬಿಗಳು, ಬೆಳ್ಳನೆಯ ಕೊಂಬು, ಇವು ವರ್ಣನೆಯ ಸಾಮಗ್ರಿ. ಪಂಪನಿಂದ ಕುಮಾರವ್ಯಾಸನವರೆಗೆ ಭಗದತ್ತನ ಸುಪ್ರತೀಕವು ಯುದ್ಧರಂಗದಲ್ಲಿ ಮೆರೆಯುತ್ತದೆ. ಅದರ ಕಾಲು ನೆನಪಿಗೆ ಬರುವುದು ಶತ್ರುವನ್ನು ತುಳಿಯುವಾಗ ಮಾತ್ರ. ಈ ನಾಡಿನಲ್ಲಿ ಆನೆಯನ್ನು ಶಾಸ್ತ್ರವಾಗಿ ಅರಿತವರು ಇರಲಿಲ್ಲವೆಂದಲ್ಲ. ನಾಗಮಂಗಲದ ಕಡೆಯ ದೇವರಹಳ್ಳಿಯಲ್ಲಿ ದೊರೆತ ಕ್ರಿ.ಶ. ೭೭೬ರ ತಾಮ್ರಶಾಸನವು ಗಂಗರ ಶ್ರೀಪುರುಷನದು. ಅವನೇ ಗಜಶಾಸ್ತ್ರವೊಂದನ್ನು ಬರೆದನೆಂದು ಪ್ರತೀತಿ. ಅವನ ಮಗ ಶಿವಮಾರನ ಗಜಾಷ್ಟಕವನ್ನು ಹೆಂಗಸರು ಒನಕೆವಾಡಾಗಿ ಹಾಡುತ್ತಿದ್ದರೆಂದು ಶಾಸನವೊಂದು ತಿಳಿಸುತ್ತದೆ. ಗಂಗರ ರಾಜಮುದ್ರೆಯೇ ಆನೆ. ಆದರೆ ತಂದೆಯ ಶಾಸ್ತ್ರವೂ ಮಗನ ಹಾಡೂ ಇಂದು ಉಳಿದಿಲ್ಲ. ಬತ್ತ ಕುಟ್ಟುತ್ತಿದ್ದ ಹೆಂಗಸರು ಆನೆಯ ಯಾವ ಅಂಗವನ್ನು ಕುರಿತು ಹಾಡಿದರೆಂಬುದು ಊಹೆಗೆ ಬಿಟ್ಟ ವಿಷಯ. ಉಳಿದಿರುವುದು ಶಿಲೆಯ ಆನೆ ಮತ್ತು ಉತ್ಸವದ ಆನೆ. ಇವೆರಡೂ ಅಲಂಕೃತವಾದುವು.

ಈ ಅಲಂಕಾರದ ಕೆಳಗೆ ಏನಿದೆಯೆಂದು ಕೇಳಿದ ಕೃತಿಗಳಲ್ಲಿ ಸಂಗೀತಾ ಅಯ್ಯರ್ ಅವರ ‘ಗಾಡ್ಸ್ ಇನ್ ಷ್ಯಾಕಲ್ಸ್’ ಎಂಬ ಸಾಕ್ಷ್ಯಚಿತ್ರವು ಗಣನೀಯವಾದುದು. ಸಂಕೋಲೆಯಲ್ಲಿರುವ ದೇವರುಗಳು ಎಂದು ಅದರ ಹೆಸರಿನ ಅರ್ಥ. ಇದು ಬೆಳಕಿಗೆ ಬಂದದ್ದು ೨೦೧೬ರಲ್ಲಿ. ಕೇರಳದಲ್ಲಿ ಹುಟ್ಟಿ, ಕೆನಡಾ ದೇಶದಲ್ಲಿ ನೆಲೆಸಿ, ಜೀವಶಾಸ್ತ್ರವನ್ನು ಓದಿ ಪತ್ರಿಕೋದ್ಯಮದಲ್ಲಿ ದುಡಿದ ಅವರು ೨೦೧೩ರಲ್ಲಿ ತಂದೆಯ ಆಬ್ದಿಕಕ್ಕೆಂದು ತಾಯ್ನಾಡಿಗೆ ಬಂದಾಗ ದೇವಾಲಯಗಳ ಆನೆಗಳ ಸ್ಥಿತಿಯನ್ನು ಕಂಡು ಈ ಕೆಲಸಕ್ಕೆ ಕೈಹಾಕಿದರು. ಚಿತ್ರವು ಹೊರಬಂದ ವರ್ಷವೇ ಏಷ್ಯಾದ ಆನೆಗಳ ರಕ್ಷಣೆಗಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಭಾರತ ಸರ್ಕಾರದ ನಾರೀ ಶಕ್ತಿ ಪುರಸ್ಕಾರವೂ ಅವರಿಗೆ ಸಂದಿತು. ೨೦೨೨ರಲ್ಲಿ ಅದೇ ಹೆಸರಿನ ಪುಸ್ತಕವನ್ನೂ ಬರೆದರು. ಈ ಸಂಗತಿಗಳು ವ್ಯಕ್ತಿಯ ಶ್ರದ್ಧೆಗೆ ಪ್ರಮಾಣವಾದಾವು. ಕೃತಿಯ ಗುಣಕ್ಕೆ ಪ್ರಮಾಣವಾಗಲಾರವು. ಕೃತಿಯನ್ನು ಕೃತಿಯಾಗಿಯೇ ನೋಡಬೇಕು.

ಚಿತ್ರದ ವಸ್ತು ಕೇರಳದ ಉತ್ಸವಗಳಲ್ಲಿ ನಿಲ್ಲುವ ಆನೆಗಳು. ತೃಶ್ಶೂರಿನ ಪೂರಂ, ಗುರುವಾಯೂರು ದೇವಸ್ಥಾನದ ಆನೆಗಳನ್ನು ಕಟ್ಟುವ ಪುನ್ನತ್ತೂರು ಕೋಟೆ, ತೆಚ್ಚಿಕ್ಕೋಟ್ಟುಕಾವು ರಾಮಚಂದ್ರನೆಂಬ ಪ್ರಸಿದ್ಧ ಗಂಡಾನೆ, ಮಾವುತನ ಹೊಡೆತದಿಂದ ಒಂದು ಕಣ್ಣನ್ನು ಕಳೆದುಕೊಂಡ ಲಕ್ಷ್ಮಿಯೆಂಬ ಹೆಣ್ಣಾನೆ, ಇವು ಅದರ ಮುಖ್ಯ ಘಟ್ಟಗಳು. ಕೇರಳದ ಉತ್ಸವದಾನೆಯ ಹಣೆಗೆ ನೆಟ್ಟಿಪಟ್ಟಂ ಎಂಬ ಹೊನ್ನಬಣ್ಣದ ಪಟ್ಟವನ್ನು ಕಟ್ಟುತ್ತಾರೆ. ಚೆಂಡೆಯ ಮೊರೆತ, ದೀವಟಿಗೆಗಳ ಬೆಳಕು, ಬಣ್ಣದ ಕೊಡೆಗಳು, ಸಾಲಾಗಿ ನಿಂತ ಹೊನ್ನಿನ ಹಣೆಗಳು, ಇವೆಲ್ಲ ಸೇರಿ ಉಂಟಾಗುವ ಅದ್ಭುತವನ್ನು ನೋಡಿದ ಯಾರೂ ಅಲ್ಲಗಳೆಯಲಾರರು, ಚಿತ್ರಕರ್ತ್ರಿಯೂ ಅಲ್ಲಗಳೆದಿಲ್ಲ. ಆದರೆ ಕ್ಯಾಮೆರಾವು ಆ ಹೊನ್ನಿನ ಹಣೆಯಿಂದ ಮೆಲ್ಲನೆ ಕೆಳಗಿಳಿದು ಕಾಲಿನ ಬಳಿ ನಿಲ್ಲುತ್ತದೆ. ಅಲ್ಲಿ ಸರಪಳಿ, ಅದರ ಅಡಿಯಲ್ಲಿ ಸುಲಿದ ಚರ್ಮ, ಹಳೆಯ ಗಾಯದ ಮೇಲೆ ಹೊಸ ಗಾಯ. ಈ ಇಳಿತವೇ ಕೃತಿಯ ಸಾರ. ವಾದವನ್ನು ಮಾತಿನಲ್ಲಿ ಹೂಡುವುದಕ್ಕೆ ಮೊದಲೇ ಕಣ್ಣು ಅದನ್ನು ಹೂಡಿಬಿಟ್ಟಿರುತ್ತದೆ. ಅಲಂಕಾರವು ನೋಡುವವನ ದೃಷ್ಟಿಯನ್ನು ಮೇಲಕ್ಕೆ ಹಿಡಿದಿಡುವ ಉಪಾಯವೂ ಆಗಬಲ್ಲದೆಂಬುದು ಹೀಗೆ ನೇರವಾಗಿ ಕಾಣಿಸುತ್ತದೆ.

ಕಾಲನ್ನೇ ಆರಿಸಿಕೊಂಡದ್ದು ಭಾವೋದ್ರೇಕಕ್ಕಾಗಿ ಮಾತ್ರವಲ್ಲ. ಆನೆಯ ಅಂಗಾಲು ಒಳಗೆ ಕೊಬ್ಬಿನ ಮೆತ್ತೆಯುಳ್ಳದ್ದು. ನಡೆಯುವುದಕ್ಕಾಗಿ, ಮಣ್ಣಿನ ಮೇಲೆ ಮೈಲುಗಟ್ಟಲೆ ನಡೆಯುವುದಕ್ಕಾಗಿ ಆದದ್ದು. ಗಾರೆಯ ನೆಲದ ಮೇಲೆ, ತನ್ನದೇ ಮಲಮೂತ್ರದ ತೇವದಲ್ಲಿ, ಹಗಲಿರುಳು ಒಂದೇ ಕಡೆ ನಿಂತರೆ ಉಗುರು ಸೀಳುತ್ತದೆ, ಅಂಗಾಲು ಸವೆಯುತ್ತದೆ, ಕೀವುಗಟ್ಟುತ್ತದೆ. ಸೆರೆಯಾನೆಗಳನ್ನು ಕೊಲ್ಲುವ ವ್ಯಾಧಿಗಳಲ್ಲಿ ಪಾದದ ವ್ಯಾಧಿಯೇ ಮುಖ್ಯವೆಂದು ವೈದ್ಯರು ಹೇಳುತ್ತಾರೆ. ಮನುಷ್ಯನಂತೆ ಮೈಯೆಲ್ಲ ಬೆವರುವ ಶಕ್ತಿ ಆ ಪ್ರಾಣಿಗಿಲ್ಲ. ಕಿವಿಯನ್ನು ಬೀಸಿ, ನೀರನ್ನೂ ಮಣ್ಣನ್ನೂ ಎರಚಿಕೊಂಡು ಅದು ಮೈಯನ್ನು ತಣಿಸಿಕೊಳ್ಳಬೇಕು. ಬೇಸಗೆಯ ಉತ್ಸವದ ಮಧ್ಯಾಹ್ನದಲ್ಲಿ ನೀರೂ ಮಣ್ಣೂ ಅದಕ್ಕೆ ಎಟುಕುವುದಿಲ್ಲ. ಈ ಮಾತುಗಳನ್ನು ಚಿತ್ರವು ಪಾಠದಂತೆ ಒಪ್ಪಿಸದೆ ನಿಂತ ಆನೆಯನ್ನು ಬಹಳ ಹೊತ್ತು ತೋರಿಸಿ ತಿಳಿಸಿಕೊಟ್ಟಿರುವ ಕಡೆಗಳು ಅತ್ಯುತ್ತಮವಾಗಿವೆ.

ಇನ್ನೊಂದು ಸಂಗತಿ ಶಬ್ದವಿಚಾರದಲ್ಲಿ ಆಸಕ್ತಿಯುಳ್ಳವರಿಗೆ ಮನನೀಯವಾದುದು. ಮದವೇರಿದ ಗಂಡಾನೆಯನ್ನು ಕೆಲವು ತಿಂಗಳು ಕಟ್ಟಿಯೇ ಇರಿಸಿ, ಮದವಿಳಿದ ಮೇಲೆ ಅದನ್ನು ಮತ್ತೆ ಆಜ್ಞೆಗೆ ತರಲು ಹಲವರು ಕೂಡಿ ಹೊಡೆಯುವ ಪದ್ಧತಿಯೊಂದು ಕೇರಳದಲ್ಲುಂಟು. ಅದರ ಹೆಸರು ಕೆಟ್ಟಿಯಳಿಕ್ಕಲ್. ಶಬ್ದವನ್ನು ಬಿಡಿಸಿ ನೋಡಿದರೆ ಅದು ಕಟ್ಟನ್ನು ಬಿಚ್ಚುವುದಕ್ಕೆ ಸಂಬಂಧಿಸಿದ ಮಾತು. ಕ್ರಿಯೆಯು ಹೊಡೆತ, ಹೆಸರು ಬಿಡುಗಡೆ. ಚಿತ್ರವು ಈ ಕ್ರಿಯೆಯನ್ನು ಮುಂದಿಟ್ಟಿದೆ. ಹೆಸರಿನ ವಕ್ರತೆಯನ್ನು ಇನ್ನಷ್ಟು ಒತ್ತಿ ಹೇಳಿದ್ದರೆ ಮಲಯಾಳ ಬಾರದ ನೋಡುವವರಿಗೂ ಅದರ ಕ್ರೌರ್ಯದ ಆಳ ತಿಳಿಯುತ್ತಿತ್ತು.

ಇಷ್ಟನ್ನು ನೋಡಿದವರಲ್ಲಿ ಕೆಲವರು, ಇದು ಪರದೇಶದಲ್ಲಿ ಕಲಿತ ದಯೆಯ ಮಾತು, ಸಂಪ್ರದಾಯದ ಮೇಲೆ ಹೊರಗಿನಿಂದ ಹೊರಿಸಿದ ದೋಷ ಎಂದು ಆಕ್ಷೇಪಿಸುವುದುಂಟು. ಈ ಆಕ್ಷೇಪವು ನಿಲ್ಲುವಂಥದಲ್ಲ. ಪಾಲಕಾಪ್ಯನ ಹಸ್ತ್ಯಾಯುರ್ವೇದದ ಕಥಾಮುಖವನ್ನು ಓದಿದವರು ಇದನ್ನು ಬಲ್ಲರು. ಅಂಗದೇಶದ ರೋಮಪಾದನು ಬೆಳೆಗಳನ್ನು ಹಾಳುಮಾಡುತ್ತಿದ್ದ ಕಾಡಾನೆಗಳನ್ನು ಹಿಡಿಸಿ ತನ್ನ ಪುರದಲ್ಲಿ ಕಂಬಗಳಿಗೆ ಕಟ್ಟಿಸುತ್ತಾನೆ. ಆ ಹಿಂಡಿನೊಡನೆಯೇ ಬೆಳೆದ ಮುನಿಯೊಬ್ಬನು ಅವುಗಳನ್ನು ಅರಸುತ್ತ ಪುರಕ್ಕೆ ಬರುತ್ತಾನೆ. ಯಾರೊಡನೆಯೂ ಮಾತನಾಡದೆ ಅವುಗಳ ಗಾಯಗಳಿಗೆ ಔಷಧವನ್ನು ಹಚ್ಚುತ್ತಾನೆ. ಅರಸನು ಕೇಳಿದ ಮೇಲೆ ಅವನು ಹೇಳಿದ್ದೇ ಶಾಸ್ತ್ರವಾಯಿತು. ಎಂದರೆ ಭಾರತೀಯ ಗಜಶಾಸ್ತ್ರದ ಹುಟ್ಟು ಅರಮನೆಯ ವೈಭವದಲ್ಲಿ ಇಲ್ಲ. ಸೆರೆಸಿಕ್ಕ ಆನೆಯ ಗಾಯದ ಮುಂದೆ ಕುಳಿತವನ ದುಃಖದಲ್ಲಿ ಇದೆ. ಮಹಾಕಾವ್ಯದ ಹುಟ್ಟನ್ನು ಕ್ರೌಂಚವಧೆಯಲ್ಲಿ ಕಾಣುವ ಸಂಪ್ರದಾಯಕ್ಕೆ ಇದು ಅಪರಿಚಿತವಾದ ಭಾವವೇನೂ ಅಲ್ಲ. ಅಯ್ಯರ್ ಅವರು ಈ ಕಥೆಯನ್ನು ತಮ್ಮ ಚಿತ್ರಕ್ಕೆ ಬೆನ್ನೆಲುಬಾಗಿ ಮಾಡಿಕೊಂಡಿದ್ದರೆ, ತಾವು ಸಂಪ್ರದಾಯವನ್ನು ಎದುರಿಸುತ್ತಿಲ್ಲ, ಅದರ ಮರೆತ ಮೊದಲ ಪುಟವನ್ನು ತೆರೆಯುತ್ತಿದ್ದೇವೆಂದು ಹೇಳಬಹುದಾಗಿತ್ತು.

ಮೈಸೂರು ಸೀಮೆಯ ಸೆರೆಯಾನೆಗಳ ಮುಂದೆ ಕ್ಯಾಮೆರಾ ನಿಂತದ್ದು ಬಹಳ ಹಿಂದೆಯೇ. ‘ನಾನೂಕ್’ ಚಿತ್ರದಿಂದ ಸಾಕ್ಷ್ಯಚಿತ್ರಕಲೆಯ ಪಿತಾಮಹನೆನಿಸಿದ ರಾಬರ್ಟ್ ಫ್ಲಾಹರ್ಟಿಯು ೧೯೩೫ರಲ್ಲಿ ಮೈಸೂರಿಗೆ ಬಂದು ಇಲ್ಲಿನ ಕಾಡಿನಲ್ಲಿ ಚಿತ್ರೀಕರಿಸಿದ್ದೇ ‘ಎಲಿಫೆಂಟ್ ಬಾಯ್’. ಕಿಪ್ಲಿಂಗನ ಕಥೆಯೊಂದು ಅದಕ್ಕೆ ಆಧಾರ. ಕಾರಾಪುರದ ಮಾವುತನ ಮಗ ಸಾಬು ಅದರ ನಾಯಕನಾಗಿ ಜಗತ್ಪ್ರಸಿದ್ಧನಾದನು; ಐರಾವತವೆಂಬ ಮೈಸೂರಿನ ಆನೆಯು ಕಾಳನಾಗನ ಪಾತ್ರವನ್ನು ವಹಿಸಿತು. ಒಳಾಂಗಣದ ದೃಶ್ಯಗಳನ್ನು ಝೋಲ್ಟನ್ ಕೋರ್ಡಾ ಇಂಗ್ಲೆಂಡಿನಲ್ಲಿ ಸೇರಿಸಿದ ಮೇಲೆ ೧೯೩೭ರಲ್ಲಿ ಚಿತ್ರವು ತೆರೆಗೆ ಬಂದಿತು. ಅದೇ ವರ್ಷ ವೆನಿಸ್ಸಿನಲ್ಲಿ ನಿರ್ದೇಶನಕ್ಕಾಗಿ ಬಹುಮಾನವನ್ನೂ ಪಡೆಯಿತು. ಹುಡುಗನಿಗೂ ಆನೆಗೂ ಇರುವ ನಂಟನ್ನು ಫ್ಲಾಹರ್ಟಿ ಕಂಡಿರುವ ಬಗೆ ಇಂದಿಗೂ ಮನಸ್ಸನ್ನು ಸೆಳೆಯುತ್ತದೆ. ನದಿಯ ನೀರು, ಬೆಳಗಿನ ಬೆಳಕು, ಆನೆಯ ಬೆನ್ನಿನ ಮೇಲೆ ನಿಂತ ಬಾಲಕನ ದೇಹದ ಸಹಜವಾದ ಸೊಬಗು, ಇವು ಯಾವ ಒಳಾಂಗಣದಲ್ಲಿಯೂ ಹುಟ್ಟುವಂಥವಲ್ಲ.

ಆದರೆ ಆ ಚಿತ್ರದ ಆನೆ ಎಲ್ಲಿಂದ ಬಂದಿತು? ಮೈಸೂರಿನ ಖೆಡ್ಡಾದಿಂದ. ಹೈದರನ ಕಾಲದಲ್ಲಿ ಅಂತಹ ಪ್ರಯತ್ನವೊಂದು ಸೋತುಹೋಗಿ, ಮುಂದೆ ಯಾರೂ ಇದನ್ನು ಸಾಧಿಸಲಾರರೆಂಬ ಶಾಪವನ್ನು ಅವನು ಕಲ್ಲಿನಲ್ಲಿ ಕೆತ್ತಿಸಿದನೆಂದು ಸ್ಯಾಂಡರ್ಸನ್ ಬರೆದಿದ್ದಾನೆ. ಶ್ರೀರಂಗಪಟ್ಟಣದ ದೊರೆಯ ಆ ಶಾಪವನ್ನು ಮುರಿದವನೂ ಸ್ಯಾಂಡರ್ಸನ್ನನೇ. ೧೮೭೩-೭೪ರಲ್ಲಿ ಅವನು ಮೊದಲು ಮಾಡಿದ್ದು ಕಾಕನಕೋಟೆಯಲ್ಲಿ ೧೯೭೧ರವರೆಗೂ ನಡೆದುಬಂದಿತು. ಹಿಂಡನ್ನು ಕಂದಕ ಬೇಲಿಗಳ ಒಳಕ್ಕೆ ಅಟ್ಟಿ, ಪಳಗಿದ ಆನೆಗಳನ್ನು ನಡುವೆ ನುಗ್ಗಿಸಿ, ಅವುಗಳ ಮರೆಯಲ್ಲಿ ನೆಲಕ್ಕಿಳಿದ ಆಳುಗಳು ಕಾಡಾನೆಯ ಹಿಂಗಾಲಿಗೆ ಹಗ್ಗವನ್ನು ಹಾಕುತ್ತಿದ್ದರು. ಸೆರೆ ಮೊದಲಾಗುವುದು ಕಾಲಿನಿಂದ. ಫ್ಲಾಹರ್ಟಿಯ ಕಾಲಕ್ಕೆ ಖೆಡ್ಡಾ ಎಂಬುದು ರಾಜಾತಿಥಿಗಳು ನೋಡಿ ನಲಿಯುವ ವೈಭವವಾಗಿತ್ತು. ಅವನೂ ಅದನ್ನು ವೈಭವವಾಗಿಯೇ ಕಂಡನು. ಇದು ಅವನ ಹೃದಯಹೀನತೆಯಲ್ಲ. ಅವನಿಗೆ ಬೇಕಾಗಿದ್ದದ್ದು ಮನುಷ್ಯನೂ ಮೃಗವೂ ಒಂದಾಗಿ ಬಾಳುವ ಕಾವ್ಯ, ಆ ಕಾವ್ಯದಲ್ಲಿ ಹಗ್ಗಕ್ಕೆ ಸ್ಥಳವಿರಲಿಲ್ಲ. ಸುಮಾರು ಎಂಬತ್ತು ವರ್ಷಗಳ ಅನಂತರ ಅಯ್ಯರ್ ಅವರು ತೆಗೆದದ್ದು ಅವನು ಬಿಟ್ಟ ಚಿತ್ರವನ್ನು.

ಇನ್ನು ದೋಷಗಳ ವಿಚಾರ. ಮಮ್ಮಟನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕಾವ್ಯಕ್ಕೆ ಸಲ್ಲುವುದು ಕಡೆಯದು. ‘ಗಾಡ್ಸ್ ಇನ್ ಷ್ಯಾಕಲ್ಸ್’ ಮೌನವಾಗಿರುವಾಗ ಕಾಂತೆಯಂತೆ ಒಲಿಸುತ್ತದೆ, ಮಾತನಾಡತೊಡಗಿದಾಗ ಪ್ರಭುವಿನಂತೆ ವಿಧಿಸುತ್ತದೆ. ನಿರೂಪಣೆಯ ಧ್ವನಿ ಚಿತ್ರಕರ್ತ್ರಿಯದೇ; ತೆರೆಯ ಮೇಲೆಯೂ ಅವರು ಅನೇಕಾವರ್ತಿ ಕಾಣಿಸಿಕೊಳ್ಳುತ್ತಾರೆ; ಲಕ್ಷ್ಮಿಯ ಮುಂದೆ ನಿಂತು ಅವರು ಪಡುವ ಸಂಕಟ ನಿಜವಾದದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ನೋಡುವವನು ತಾನೇ ಅಳಬೇಕಾದ ಸ್ಥಳದಲ್ಲಿ ಇನ್ನೊಬ್ಬರು ಅಳುತ್ತಿದ್ದರೆ ಅವನ ಕೆಲಸ ಮುಗಿದಂತಾಗುತ್ತದೆ. ವಿಭಾವವು ಆನೆಯಾಗಿರಬೇಕಾದ ಕಡೆ ಚಿತ್ರಕರ್ತ್ರಿಯಾಗಿಬಿಡುತ್ತಾರೆ. ಹಿನ್ನೆಲೆಯ ಸಂಗೀತವು ಈ ದೋಷವನ್ನು ಇಮ್ಮಡಿಗೊಳಿಸಿದೆ. ಗಾಯಗಳ ದೃಶ್ಯಗಳು ಮತ್ತೆ ಮತ್ತೆ ಬರುವುದರಿಂದ ಕರುಣವು ಬೀಭತ್ಸಕ್ಕೆ ಜಾರಿ, ಕಣ್ಣು ತಾನಾಗಿ ತೆರೆಯಿಂದ ಹೊರಳುತ್ತದೆ. ಹಾಗೆ ಹೊರಳಿದರೆ ಚಿತ್ರದ ಉದ್ದೇಶವೇ ಕೆಡುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಮಾವುತನ ವಿಷಯದಲ್ಲಿದೆ. ಅಂಕುಶವನ್ನು ಹಿಡಿದ ಕೈ ಮಾವುತನದು. ಕ್ಯಾಮೆರಾಕ್ಕೆ ಸುಲಭವಾಗಿ ಸಿಕ್ಕುವವನೂ ಅವನೇ. ಆದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಉತ್ಸವದಿಂದ ಉತ್ಸವಕ್ಕೆ ಆನೆಯನ್ನು ಲಾರಿಯಲ್ಲಿ ಸಾಗಿಸಿ ಬಾಡಿಗೆಯನ್ನೆಣಿಸುವವನು ಮಾವುತನಲ್ಲ. ಆನೆಯ ತುಳಿತಕ್ಕೆ ಮೊದಲು ಬಲಿಯಾಗುವವನು ಮಾತ್ರ ಅವನು. ಹೊಸ ಮಾವುತನಿಗೆ ಆನೆಯನ್ನು ಒಲಿಸಿಕೊಳ್ಳಲು ಕಾಲಾವಕಾಶವಿಲ್ಲದಿದ್ದರೆ ಅವನಿಗೆ ಉಳಿಯುವ ಭಾಷೆ ಕೋಲಿನದು. ಈ ಕಾರಣಪರಂಪರೆಯನ್ನು ಚಿತ್ರವು ಮುಟ್ಟಿದೆ, ಬಿಡಿಸಿಲ್ಲ. ಹಣ ಮತ್ತು ಪ್ರತಿಷ್ಠೆಗಳ ಮಾತನ್ನು ಅದು ಗಟ್ಟಿಯಾಗಿಯೇ ಆಡುತ್ತದಾದರೂ ಮಾವುತನ ಗುಡಿಸಲಿನೊಳಕ್ಕೆ ಹೋಗಿ ಕುಳಿತು ಕೇಳುವ ತಾಳ್ಮೆ ಅದಕ್ಕಿಲ್ಲ.

ಆ ತಾಳ್ಮೆಯುಳ್ಳ ಕೃತಿ ಬೇರೊಂದಿದೆ. ಕಾರ್ತಿಕೀ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವ್ಹಿಸ್ಪರರ್ಸ್’ ೨೦೨೨ರಲ್ಲಿ ಬಂದು ೨೦೨೩ರ ಮಾರ್ಚಿಯಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ತೆಪ್ಪಕಾಡು ಬಿಡಾರದಲ್ಲಿ ರಘುವೆಂಬ ತಬ್ಬಲಿ ಮರಿಯನ್ನು ಸಾಕಿದ ಕಾಟ್ಟುನಾಯಕ ದಂಪತಿಗಳ ಕಥೆ ಅದರಲ್ಲಿದೆ. ಆ ಜನರ ನುಡಿ ಕನ್ನಡಕ್ಕೆ ಹತ್ತಿರದ್ದು. ಅನ್ನದ ಉಂಡೆಯನ್ನು ಮರಿಯ ಬಾಯಿಗಿಡುವ ಕೈಯನ್ನು, ಮರಿಯನ್ನು ಬೇರೆಯವರ ವಶಕ್ಕೆ ಒಪ್ಪಿಸುವ ದಿನದ ಸಂಕಟವನ್ನು ಆ ಚಿತ್ರವು ಬಹು ಸಂಯಮದಿಂದ ತೋರಿಸುತ್ತದೆ. ಆದರೆ ಬಿಡಾರವೆಂಬ ವ್ಯವಸ್ಥೆಯನ್ನು ಅದು ಪ್ರಶ್ನಿಸುವುದಿಲ್ಲ. ಅಲ್ಲಿ ಸರಪಳಿಯು ಪಾತ್ರೆ ಪಡಗಗಳಂತೆ ಮನೆಯ ಸಾಮಾನುಗಳಲ್ಲೊಂದು. ಒಂದು ಚಿತ್ರದಲ್ಲಿ ಸರಪಳಿಯುಂಟು, ಮನೆಯಿಲ್ಲ. ಇನ್ನೊಂದರಲ್ಲಿ ಮನೆಯುಂಟು, ಸರಪಳಿ ಕಾಣುವುದಿಲ್ಲ. ಇವೆರಡನ್ನೂ ಒಂದೇ ಚೌಕಟ್ಟಿನಲ್ಲಿ ತರಬಲ್ಲವರ ಕೆಲಸ ಇನ್ನೂ ಕಷ್ಟದ್ದು.

ಆ ಕಷ್ಟ ಕನ್ನಡನಾಡಿನ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಕೇರಳದ ಆನೆಗಳಲ್ಲಿ ಬಹುಪಾಲು ದೇವಸ್ವಂಗಳಿಗೆ ಅಥವಾ ಖಾಸಗಿಯವರಿಗೆ ಸೇರಿದುವು. ದಸರೆಯ ಆನೆಗಳು ಅರಣ್ಯ ಇಲಾಖೆಯವು; ಮತ್ತಿಗೋಡು, ದುಬಾರೆ, ಬಳ್ಳೆ ಮೊದಲಾದ ಬಿಡಾರಗಳಲ್ಲಿ ಇರುವಂಥವು. ಅಲ್ಲಿ ರಾತ್ರಿಯಲ್ಲಿ ಉದ್ದನೆಯ ಸರಪಳಿಯೊಡನೆ ಅವುಗಳನ್ನು ಕಾಡಿಗೆ ಮೇಯಲು ಬಿಟ್ಟು, ಸರಪಳಿಯೆಳೆದ ಗೆರೆಯ ಜಾಡನ್ನು ಹಿಡಿದು ಬೆಳಗ್ಗೆ ಮಾವುತನೂ ಕಾವಾಡಿಯೂ ಹುಡುಕಿಕೊಂಡು ಬರುವ ಪದ್ಧತಿಯಿದೆ. ಆದುದರಿಂದ ಅಯ್ಯರ್ ಅವರ ಚಿತ್ರದ ತೀರ್ಪನ್ನು ಅಕ್ಷರಶಃ ಇಲ್ಲಿಗೆ ತಂದು ಹೊರಿಸುವುದು ನ್ಯಾಯವಲ್ಲ. ಹಾಗೆಂದು ಇಲ್ಲಿನ ಆನೆಗೆ ಗಾಯವೇ ಇಲ್ಲವೆಂದು ಸಮಾಧಾನಪಡುವುದೂ ನ್ಯಾಯವಲ್ಲ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಮೈಸೂರಿಗೆ ಹೋದ ಮೇಲೆ, ಈಚಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿಯೂ ಮತ್ತೆ ನಡೆಯುತ್ತಿದೆ. ಮೈಸೂರಿಗೆ ಬಂದ ಆನೆಗಳಲ್ಲೇ ಕೆಲವನ್ನು ಕಿರಂಗೂರಿನ ಬನ್ನಿಮಂಟಪಕ್ಕೆ ಕರೆತಂದು, ಮರದ ಅಂಬಾರಿಯನ್ನು ಹೊರಿಸಿ, ಶ್ರೀರಂಗನಾಥನ ಗುಡಿಯ ಕಡೆಗೆ ಮೆರವಣಿಗೆ ಮಾಡುತ್ತಾರೆ. ಮೈಸೂರಿನ ಚಿನ್ನದ ಅಂಬಾರಿಯ ತೂಕ ೭೫೦ ಕಿಲೋಗ್ರಾಂ. ಅದಕ್ಕಾಗಿ ಆನೆಗೆ ಗಾದಿ ನಮ್ದಾಗಳನ್ನು ಬಿಗಿದು ಮರಳಿನ ಮೂಟೆಗಳನ್ನು ಹೊರಿಸಿ ವಾರಗಟ್ಟಲೆ ತಾಲೀಮು ಕೊಡುತ್ತಾರೆ. ಕುಶಾಲತೋಪಿನ ಸದ್ದಿಗೆ ಬೆದರದಂತೆ ಅಭ್ಯಾಸಮಾಡಿಸುತ್ತಾರೆ. ಕಾಡಿನ ಮೌನಕ್ಕೆ ಹುಟ್ಟಿದ ಕಿವಿಗೆ ಈ ಅಭ್ಯಾಸ ಎಷ್ಟು ಸಾಕು ಎಂಬುದು ಕೇಳತಕ್ಕ ಪ್ರಶ್ನೆ. ೨೦೨೪ರ ಸೆಪ್ಟೆಂಬರಿನಲ್ಲಿ ಧನಂಜಯ, ಕಂಜನ್ ಎಂಬ ಎರಡಾನೆಗಳು ಜಗಳವಾಡಿ ಮೈಸೂರಿನ ಅರಮನೆಯ ಬಾಗಿಲನ್ನು ದಾಟಿ ಬೀದಿಗೆ ಓಡಿಬಂದುವು.

ಅರ್ಜುನನ ಕಥೆಯನ್ನು ಇಲ್ಲಿ ನೆನೆಯದಿರುವಂತಿಲ್ಲ. ೨೦೧೨ರಿಂದ ೨೦೧೯ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಆ ಗಜವು ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ, ಕಾಡಾನೆಯನ್ನು ಹಿಡಿಯುವ ಕೆಲಸಕ್ಕೆ ಹೋಗಿದ್ದಾಗ, ಆ ಕಾಡಾನೆಯೊಡನೆ ಕಾದಾಡಿ ಮಡಿಯಿತು. ನಾಡೆಲ್ಲ ಮರುಗಿತು, ಸ್ಮಾರಕ ಬೇಕೆಂಬ ಕೂಗೆದ್ದಿತು. ಮಂಡ್ಯ ಸೀಮೆಗೆ ಇದು ಹೊಸತಲ್ಲ: ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿಯೇ, ಹಂದಿಯೊಡನೆ ಹೋರಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲನ್ನು ನಿಲ್ಲಿಸಿ ಪೂಜೆಗೆ ಭೂಮಿಯನ್ನು ಬಿಟ್ಟಿದ್ದರು. ಆದರೆ ಅರ್ಜುನನು ಅಲ್ಲಿಗೆ ಹೋದದ್ದು ಏತಕ್ಕೆ? ಬೆಳೆಗೂ ಜನಕ್ಕೂ ಹಾನಿಮಾಡುತ್ತಿದ್ದ ಇನ್ನೊಂದು ಆನೆಯನ್ನು ಹಿಡಿಯಲು. ಕೃಷ್ಣರಾಜಪೇಟೆ ನಾಗಮಂಗಲಗಳ ಗಡಿಗೆ ತಗುಲಿದ ಹಾಸನ ಜಿಲ್ಲೆಯ ಆಲೂರು ಸಕಲೇಶಪುರಗಳಲ್ಲಿ ರೈತರ ಸಂಕಟ ನಿಜವಾದದ್ದು. ೨೦೧೪ರಲ್ಲಿ ಅಲ್ಲಿಂದ ಹಿಂಡು ಹಿಂಡಾಗಿ ಆನೆಗಳನ್ನು ಹಿಡಿಸಿದ್ದೂ ಆ ಕಾರಣದಿಂದಲೇ. ಇದು ರೋಮಪಾದನ ಕಥೆಯೇ. ಪಳಗಿದ ಆನೆಯಿಂದ ಕಾಡಾನೆಯನ್ನು ಹಿಡಿಸಿ, ಹಿಡಿದುದನ್ನು ಮರದ ದಿಮ್ಮಿಗಳ ಕ್ರಾಲಿನಲ್ಲಿ ಪಳಗಿಸುವ ಈ ಸರಣಿಯಲ್ಲಿ ಮಾವುತ, ರೈತ, ಅಧಿಕಾರಿ, ಆನೆ ಎಲ್ಲರೂ ಸಿಕ್ಕಿಕೊಂಡಿದ್ದಾರೆ. ದೇವಾಲಯದ ಉತ್ಸವವನ್ನು ಮಾತ್ರ ಗುರಿಯಾಗಿಟ್ಟುಕೊಂಡ ಚಿತ್ರಕ್ಕೆ ಈ ಸರಣಿ ಕಾಣಿಸುವುದಿಲ್ಲ. ಉತ್ಸವವನ್ನು ನಿಲ್ಲಿಸಿದ ಮಾತ್ರಕ್ಕೆ ಅದು ಕಡಿದುಹೋಗುವುದೂ ಇಲ್ಲ.

ಸಾಕ್ಷ್ಯಚಿತ್ರವನ್ನು ಅದರ ಫಲದಿಂದ ಅಳೆಯಬೇಕೆಂಬುವರೂ ಇದ್ದಾರೆ. ಹಾಗೆ ಅಳೆದರೆ ಲೆಕ್ಕವು ಮಿಶ್ರವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ೨೦೨೨ರ ತಿದ್ದುಪಡಿಯು ಒಡೆತನದ ಪತ್ರವುಳ್ಳವರು ಧಾರ್ಮಿಕ ಅಥವಾ ಇತರ ಉದ್ದೇಶಕ್ಕಾಗಿ ಸೆರೆಯಾನೆಯನ್ನು ಸಾಗಿಸಲು ದಾರಿಮಾಡಿತು. ೨೦೨೪ರಲ್ಲಿ ಅದಕ್ಕೆ ನಿಯಮಗಳೂ ಬಂದುವು. ಅದೇ ವರ್ಷ ನವೆಂಬರಿನಲ್ಲಿ ಕೇರಳದ ಹೈಕೋರ್ಟು ಉತ್ಸವದಲ್ಲಿ ಆನೆಗಳ ನಡುವೆ ಬಿಡಬೇಕಾದ ಅಂತರವನ್ನು ಗೊತ್ತುಮಾಡಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಕೊಲ್ಹಾಪುರದ ಜ್ಯೋತಿಬಾ ಗುಡಿಗೆ ಕಾಣಿಕೆಯಾಗಿ ಬಂದಿದ್ದ ಸುಂದರನೆಂಬ ಆನೆ ೨೦೧೪ರಲ್ಲಿ ಬನ್ನೇರುಘಟ್ಟಕ್ಕೆ ಸೇರಿತು. ಅದೇ ಜಿಲ್ಲೆಯ ನಾಂದಣಿ ಜೈನಮಠದ ಮಹಾದೇವಿಯನ್ನು ೨೦೨೫ರ ಜುಲೈಯಲ್ಲಿ ಕೋರ್ಟಿನ ಆಜ್ಞೆಯಂತೆ ಜಾಮನಗರಕ್ಕೆ ಒಯ್ದಾಗ ಭಕ್ತರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ತಮ್ಮ ಆನೆ ತಮಗೆ ಬೇಕೆಂದರು. ಅವರ ಅಳಲೂ ಕಪಟವಲ್ಲ. ಪ್ರೀತಿಯೂ ಸರಪಳಿಯೂ ಒಂದೇ ಅಂಗಳದಲ್ಲಿ ಇರಬಲ್ಲುವೆಂಬ ಈ ತೊಡಕನ್ನು ಅಯ್ಯರ್ ಅವರ ಚಿತ್ರವು ಎದುರಿಸಬೇಕಾಗಿತ್ತು. ಭಕ್ತನನ್ನು ಅದು ಅಜ್ಞನೆಂದೋ ಆಸೆಬುರುಕನೆಂದೋ ತಿಳಿಯುವಷ್ಟು ಬೇಗ, ಮಗುವಿನಂತೆ ಆನೆಯನ್ನು ಪ್ರೀತಿಸಿಯೂ ಅದರ ಕಾಲನ್ನು ನೋಡದವನೆಂದು ತಿಳಿಯುವುದಿಲ್ಲ. ಮನವೊಲಿಸಬೇಕಾದದ್ದು ಈ ಎರಡನೆಯವನನ್ನು.

ಅವನೊಡನೆ ಮಾತನಾಡಲು ಬೇಕಾದ ಸಾಮಗ್ರಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಿದ್ಧವಾಗಿದೆ. ವೈರಮುಡಿಯ ಬ್ರಹ್ಮೋತ್ಸವದಲ್ಲಿ ಗಜೇಂದ್ರಮೋಕ್ಷದ ಉತ್ಸವವೂ ಒಂದು. ಕೊಳಕ್ಕಿಳಿದ ಆನೆಯ ಕಾಲನ್ನು ಮೊಸಳೆ ಹಿಡಿಯುತ್ತದೆ. ಬಲವೆಲ್ಲ ಸೋತು ಅದು ಕೂಗುತ್ತದೆ. ಭಗವಂತನು ಬಂದು ಆ ಕಾಲನ್ನು ಬಿಡಿಸುತ್ತಾನೆ. ಭಾಗವತದ ಈ ಪ್ರಸಂಗದಲ್ಲಿ ಕಥೆಯೆಲ್ಲ ನಿಂತಿರುವುದು ಸಿಕ್ಕಿಬಿದ್ದ ಕಾಲಿನ ಮೇಲೆ. ಮೇಲುಕೋಟೆಯ ಉತ್ಸವದ ದೇವರನ್ನು ಹೊರುವುದು ವಾಹನವನ್ನು ಹೆಗಲಿಗೇರಿಸಿಕೊಂಡ ಮನುಷ್ಯರು. ದೇವರ ವಾಹನವಾಗಿ ಕಟ್ಟಿದ ಆನೆಯನ್ನು ಜೀವದಾನೆಗೆ ಕಡಿಮೆಯೆಂದು ಅಲ್ಲಿನ ಭಕ್ತನು ಎಂದೂ ಭಾವಿಸಿಲ್ಲ. ೨೦೨೩ರ ಫೆಬ್ರವರಿಯಲ್ಲಿ ತೃಶ್ಶೂರು ಜಿಲ್ಲೆಯ ದೇವಾಲಯವೊಂದು ಯಂತ್ರದ ಆನೆಯನ್ನು ಸ್ವೀಕರಿಸಿತು; ಅನಂತರ ಸುತ್ತೂರು ಮಠಕ್ಕೂ ಅಂತಹದೊಂದು ಬಂದಿತು. ಇದನ್ನು ಕೇಳಿ ನಕ್ಕವರು ಗುಡಿಯ ವಾಹನಮಂಟಪದೊಳಗೆ ಇಣಿಕಿ ನೋಡಿದವರಲ್ಲ. ಬದಲಿಯಾನೆಯ ಕಲ್ಪನೆ ಕನ್ನಡಿಗರಿಗೆ ಯಂತ್ರದೊಡನೆ ಬಂದದ್ದಲ್ಲ.

ಅಯ್ಯರ್ ಅವರ ಚಿತ್ರವನ್ನು ಕನ್ನಡದ ವಿದ್ಯಾರ್ಥಿಗಳಿಗೆ ತೋರಿಸಿ ಪಾಠಹೇಳುವ ಅಧ್ಯಾಪಕರು ಅದರ ಮೊದಲ ಪೂರಂ ದೃಶ್ಯವನ್ನು ಧ್ವನಿಯನ್ನು ನಿಲ್ಲಿಸಿ ತೋರಿಸುವುದು ಮೇಲು. ಕ್ಯಾಮೆರಾ ಕೆಳಗಿಳಿಯುವ ಹೊತ್ತಿಗೆ ತರಗತಿಯ ಕಣ್ಣು ಎಲ್ಲಿರುತ್ತದೆಂಬುದನ್ನು ಗಮನಿಸಿ, ಆಮೇಲೆ ಧ್ವನಿಯೊಡನೆ ಇನ್ನೊಮ್ಮೆ ತೋರಿಸಬಹುದು. ಮಂಡ್ಯ ಜಿಲ್ಲೆಯವರಾದರೆ ಅದೇ ವಾರದಲ್ಲಿ ಹೊಸಹೊಳಲಿಗೂ ಹೋಗಿಬರಬಹುದು. ಇಲ್ಲಿಯೇ ಇಂತಹ ಚಿತ್ರವನ್ನು ತೆಗೆಯಬಯಸುವವರಿಗೆ ಕಿರಂಗೂರಿನಿಂದ ಬಾಬುರಾಯನಕೊಪ್ಪಲಿನ ಮೇಲೆ ಹಾದು ಶ್ರೀರಂಗನಾಥನ ಗುಡಿಯವರೆಗಿನ ದಾರಿ ಸಾಕು: ಮಾವುತ, ಕಾವಾಡಿ, ಅವರ ಹೆಂಡಿರು ಮಕ್ಕಳು, ಡಾಂಬರಿನ ರಸ್ತೆ, ಅದರ ಮೇಲೆ ಸಾಗುವ ಕಾಲುಗಳು.